ಹೊಟ್ಟೆ ಡಯಾಲಿಸಿಸ್ ದ್ರಾವಣ ಮತ್ತು ರೋಗಿಯ ಉದರಪೊರೆಯ ರಕ್ಷಣೆ ಕುರಿತು ಮನವಿ ಪತ್ರ

ಗೆ,
ಮಾನ್ಯ ಕಾರ್ಯದರ್ಶಿಗಳು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ.

ಮುಖಾಂತರ: ಮಾನ್ಯ ತಹಶೀಲ್ದಾರರು, ಚಿಂಚೋಳಿ.

ಇಂದ: ಕುಂಚಾವರಂ ಹಾಗೂ ಸುತ್ತಲಿನ ಹಳ್ಳಿ, ತಾಂಡಾಗಳ ಮೂತ್ರಪಿಂಡ ರೋಗಿಗಳು ಮತ್ತು ಅವರ ಮನೆಯವರು.

ವಿಷಯ: ಪೆರಿಟೋನಿಯಲ್ ಡಯಾಲಿಸಿಸ್‌ಗೆ ಪೊರೆಗೆ ಹಾನಿ ಕಡಿಮೆ ಮಾಡುವ ದ್ರಾವಣ, ತಂಪಾದ ದಾಸ್ತಾನು ಹಾಗೂ ಪೊರೆಯ ಪರೀಕ್ಷೆ ಒದಗಿಸುವ ಬಗ್ಗೆ.

ಮಾನ್ಯರೇ,

ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾಯಿತು. ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಮಾರ್ಗಸೂಚಿ ಕೊಟ್ಟಿತು. ಜನ ಇದನ್ನು ಹೊಟ್ಟೆ ಡಯಾಲಿಸಿಸ್ ಎನ್ನುತ್ತಾರೆ. ಕಾಡಿನ ಅಂಚಿನ, ತೆಲಂಗಾಣದ ಗಡಿಯ ನಮ್ಮೂರಿಗೆ ಹೇಳಿ ಮಾಡಿಸಿದ ಚಿಕಿತ್ಸೆ ಇದು. ರಕ್ತದ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಯಂತ್ರದ ಪಕ್ಕ ನಾಲ್ಕು ತಾಸು ಮಲಗಬೇಕು. ಸರದಿಯೊಂದಕ್ಕೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ಕರೆಂಟ್ ಹೋಗಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಸರದಿ ಸಿಗದಿದ್ದರೆ ನೂರು ಕಿಲೋಮೀಟರಿಗೂ ದೂರದ ಕಲಬುರಗಿಯೇ ಗತಿ. ಕೂಲಿಯ ಮನೆಯೊಂದು ವಾರದಲ್ಲಿ ಮೂರು ದಿನದ ದುಡಿಮೆ ಬಿಟ್ಟು ಎಷ್ಟು ತಿಂಗಳು ತಡೆದೀತು?

ಆದ್ದರಿಂದ ಹೊಟ್ಟೆ ಡಯಾಲಿಸಿಸ್ ನಮಗೆ ಬೇಕು. ಆದರೆ ಎಷ್ಟು ಬ್ಯಾಗ್ ಹಂಚಲಾಯಿತು ಎಂಬ ಲೆಕ್ಕದಲ್ಲೇ ಇದು ಮುಗಿದುಹೋಗಬಾರದು. ಬ್ಯಾಗಿನ ದ್ರಾವಣವೇ ವರ್ಷಗಳು ಕಳೆದಂತೆ ಹೊಟ್ಟೆಯ ಒಳಪೊರೆಯನ್ನು ಕೆಡಿಸುತ್ತದೆ. ಈ ಚಿಕಿತ್ಸೆ ನಿಂತಿರುವುದೇ ಆ ಪೊರೆಯ ಮೇಲೆ. ಅದು ಕೆಟ್ಟರೆ ಬದಲಿ ಇಲ್ಲ. ನಗರದ ರೋಗಿ ಮರುವಾರವೇ ಯಂತ್ರದ ಡಯಾಲಿಸಿಸ್‌ಗೆ ಹೊರಳಬಹುದು. ನಮ್ಮವರಿಗೆ ಆ ದಾರಿ ದೂರ. ಪೊರೆಯನ್ನು ಹೆಚ್ಚು ಕಾಲ ಕಾಯಬೇಕಾದ್ದು ಇಲ್ಲಿಯೇ.

ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ, ಎರಡೆರಡು ಲೀಟರ್ ದ್ರಾವಣ ಹೊಟ್ಟೆಗಿಳಿಯುತ್ತದೆ. ತಿಂಗಳಿಗೆ 240 ಲೀಟರ್. ರಕ್ತದಲ್ಲಿನ ಹೆಚ್ಚುವರಿ ನೀರನ್ನು ಸೆಳೆಯಲು ಅದರಲ್ಲಿ ಗ್ಲುಕೋಸ್ ಬೆರೆಸಿರುತ್ತಾರೆ. 100 ಮಿಲಿಲೀಟರಿಗೆ 1.5, 2.5 ಅಥವಾ 4.25 ಗ್ರಾಂ, ಅಂದರೆ ಆರೋಗ್ಯವಂತರ ರಕ್ತದಲ್ಲಿರುವುದಕ್ಕಿಂತ ಹದಿನೈದರಿಂದ ನಲವತ್ತು ಪಟ್ಟು. ರಕ್ತದ ಪಿಎಚ್ 7.4 ಇದ್ದರೆ ಹಳೆಯ ಮಾದರಿಯ ದ್ರಾವಣದ್ದು ಸುಮಾರು 5.5. ಇದಕ್ಕೂ ಕೆಟ್ಟದ್ದು ಇನ್ನೊಂದಿದೆ. ರೋಗಾಣು ಕೊಲ್ಲಲು ಕಾರ್ಖಾನೆಯಲ್ಲಿ ದ್ರಾವಣ ಕಾಯಿಸಿದಾಗ, ಪಾಕ ಹೆಚ್ಚು ಕಾದರೆ ಸಕ್ಕರೆ ಕಂದುವಂತೆ, ಗ್ಲುಕೋಸ್ ಒಡೆದು ಮೀಥೈಲ್‌ಗ್ಲೈಆಕ್ಸಾಲ್, ಫಾರ್ಮಾಲ್ಡಿಹೈಡ್‌ನಂಥ ವಿಷಕಾರಿ ಅಂಶಗಳಾಗುತ್ತವೆ.

ಪೊರೆಯ ಮೇಲ್ಮೈಯಲ್ಲಿರುವುದು ಒಂದೇ ಪದರ ಜೀವಕೋಶ. ಮೇಲಿನ ಎಲ್ಲದರ ಪೆಟ್ಟು ಬೀಳುವುದು ಅದಕ್ಕೆ. ಕೋಶಗಳು ಉದುರುತ್ತವೆ, ಕೆಲವು ರೂಪ ಬದಲಿಸಿ ಕಲೆಗಟ್ಟುವ ನಾರನ್ನು ಹೆಣೆಯತೊಡಗುತ್ತವೆ, ಅಡಿಯಲ್ಲಿ ಬೇಡದ ಹೊಸ ರಕ್ತನಾಳಗಳು ಹುಟ್ಟುತ್ತವೆ. ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಬಯಾಪ್ಸಿ ಅಧ್ಯಯನದಲ್ಲಿ ಆರೋಗ್ಯವಂತರ ಪೊರೆಯ ನಾರುಪದರ 50 ಮೈಕ್ರೋಮೀಟರ್ ಇದ್ದರೆ, ಎಂಟು ವರ್ಷ ಮೀರಿ ಈ ಚಿಕಿತ್ಸೆ ಪಡೆದವರಲ್ಲಿ 700ರಷ್ಟಿತ್ತು. ಕಿಡ್ನಿ ವೈಫಲ್ಯವೂ ಸ್ವತಃ ಪೊರೆಯನ್ನು ದಪ್ಪಗಾಗಿಸುತ್ತದೆ, ನಿಜ, ಆದರೆ ಇಷ್ಟಲ್ಲ. ರಕ್ತನಾಳ ಹೆಚ್ಚಿದ ಪೊರೆ ಗ್ಲುಕೋಸನ್ನು ಬೇಗ ಹೀರಿಬಿಡುತ್ತದೆ. ಸೆಳೆತ ತಗ್ಗಿ, ಬಿಟ್ಟ ನೀರಿಗಿಂತ ಹೊರಬಂದ ನೀರು ಹೆಚ್ಚಿರುವುದಿಲ್ಲ. ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಆಗ ಇನ್ನೂ ಹೆಚ್ಚು ಗ್ಲುಕೋಸಿನ ಬ್ಯಾಗ್ ಕೊಡುತ್ತಾರೆ, ಅದು ಪೊರೆಯನ್ನು ಮತ್ತಷ್ಟು ಸುಡುತ್ತದೆ. ಅಪರೂಪಕ್ಕೆ, ಅದೂ ಹೆಚ್ಚಾಗಿ ದೀರ್ಘಕಾಲ ಈ ಚಿಕಿತ್ಸೆ ಪಡೆದವರಲ್ಲಿ, ಪೊರೆ ಗಡುಸಾಗಿ ಕರುಳನ್ನೇ ಸುತ್ತಿ ಬಿಗಿಯುತ್ತದೆ. ಅದು ಜೀವ ತೆಗೆಯುವ ಸ್ಥಿತಿ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಎರಡು ಕೋಣೆಯ ಬ್ಯಾಗ್. ಇದರಲ್ಲಿ ಗ್ಲುಕೋಸನ್ನು ಹೆಚ್ಚು ಆಮ್ಲೀಯವಾದ ಬೇರೆ ಕೋಣೆಯಲ್ಲಿಟ್ಟು ಕಾಯಿಸುತ್ತಾರೆ. ಹಾಗಾಗಿ ವಿಷಕಾರಿ ಅಂಶ ಕಡಿಮೆ ಹುಟ್ಟುತ್ತವೆ. ಹೊಟ್ಟೆಗೆ ಬಿಡುವ ಮುನ್ನ ನಡುವಿನ ಅಂಟು ಬಿಡಿಸಿ ಬೆರೆಸಿದರೆ ಪಿಎಚ್ ರಕ್ತದ ಸಮೀಪಕ್ಕೆ ಬರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರದ 185 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ದ್ರಾವಣ ಬಳಸಿದವರಿಗೆ ಮೂತ್ರ ಪೂರ್ತಿ ನಿಲ್ಲುವುದು ತಡವಾಯಿತು, ಹೊಟ್ಟೆಯ ಸೋಂಕೂ ಕಡಿಮೆ ಕಂಡಿತು. ಪೊರೆ ಕೆಡುವುದನ್ನು ಇದು ಪೂರ್ತಿ ತಡೆಯುತ್ತದೆಂದು ನಾವು ವಾದಿಸುತ್ತಿಲ್ಲ, ಗ್ಲುಕೋಸ್ ಇದರಲ್ಲೂ ಇದೆ. ಆದರೆ ಉಳಿದಿರುವ ಮೂತ್ರ ಇನ್ನಷ್ಟು ಕಾಲ ಉಳಿದರೆ ಹೆಚ್ಚು ಗ್ಲುಕೋಸಿನ ಬ್ಯಾಗಿನ ಅಗತ್ಯ ಮುಂದೆ ಹೋಗುತ್ತದೆ. ಟೆಂಡರಿನಲ್ಲಿ ಕಡಿಮೆ ದರವೊಂದನ್ನೇ ನೋಡದೆ ಈ ಗುಣವನ್ನೂ ಷರತ್ತಾಗಿ ಸೇರಿಸಬೇಕು. ಎಲ್ಲರಿಗೂ ಒಮ್ಮೆಲೇ ಆಗದಿದ್ದರೆ, ಇನ್ನೂ ಮೂತ್ರ ಹೋಗುತ್ತಿರುವವರಿಗೆ ಮತ್ತು ಚಿಕ್ಕ ವಯಸ್ಸಿನವರಿಗೆ ಮೊದಲು ಕೊಡಿ.

ರಾತ್ರಿಯ ದೀರ್ಘ ಸರದಿಗೆ, ವೈದ್ಯರು ಸೂಚಿಸಿದವರಿಗೆ, ಐಕೊಡೆಕ್ಸ್‌ಟ್ರಿನ್ ದ್ರಾವಣವೂ ಸಿಗಬೇಕು. ಪಿಷ್ಟದಿಂದ ತಯಾರಾದ ಇದು ಗ್ಲುಕೋಸಿನ ಹೊರೆಯಿಲ್ಲದೆ ನೀರು ಸೆಳೆಯುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ: ಇದನ್ನು ಬಳಸುವವರಲ್ಲಿ ಕೆಲವು ಬಗೆಯ ಗ್ಲುಕೋಮೀಟರ್ ಪಟ್ಟಿಗಳು ಸಕ್ಕರೆಯನ್ನು ಇಲ್ಲದಷ್ಟು ಹೆಚ್ಚಾಗಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಸರಿಯಾದ ಪಟ್ಟಿಗಳನ್ನು ಒದಗಿಸಿ, ಆಶಾ ಕಾರ್ಯಕರ್ತೆಯರಿಗೆ ಇದನ್ನು ತಿಳಿಹೇಳಬೇಕು.

ಎರಡನೆಯದು ಬಿಸಿಲಿನ ಮಾತು. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ತಾಪಮಾನ 40 ಡಿಗ್ರಿ ದಾಟುವುದು ತಮಗೆ ಗೊತ್ತೇ ಇದೆ. ಕಾರ್ಖಾನೆಯಲ್ಲಿ ಕಾಯಿಸುವಾಗ ಹುಟ್ಟಿದ ಅಂಶಗಳು ಅಲ್ಲಿಗೇ ಸುಮ್ಮನಾಗುವುದಿಲ್ಲ. ದಾಸ್ತಾನಿನ ಶಾಖ ಹೆಚ್ಚಾದಂತೆ ಅವುಗಳಲ್ಲಿ ಹೆಚ್ಚು ವಿಷಕಾರಿಯಾದವು ಮತ್ತೆ ತಲೆಯೆತ್ತುತ್ತವೆ ಎಂದು ಪ್ರಯೋಗಾಲಯಗಳಲ್ಲಿ ಅಳೆದು ನೋಡಿದ್ದಾರೆ. ಒಳ್ಳೆಯ ದ್ರಾವಣ ಕೊಂಡು ಅದನ್ನು ಪತ್ರಾಸಿನ ಗೋದಾಮಿನಲ್ಲಿ ಮೇ ತಿಂಗಳಿಡೀ ಒಟ್ಟಿದರೆ ಕೊಟ್ಟ ದುಡ್ಡು ದಂಡ. ಚಿಂಚೋಳಿ, ಸೇಡಂ, ಚಿತ್ತಾಪುರಗಳಲ್ಲಿ ತಾಪಮಾನ ಬರೆದಿಡುವ ತಂಪಾದ ದಾಸ್ತಾನು ಕೊಠಡಿ ಬೇಕು. ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳ ಬ್ಯಾಗನ್ನು ಒಟ್ಟಿಗೆ ಇಳಿಸದೆ ವಾರವಾರವೂ, ಬಿಸಿಲೇರುವ ಮುನ್ನ, ಮುಚ್ಚಿದ ಗಾಡಿಯಲ್ಲಿ ತಲುಪಿಸಬೇಕು. ತಾಂಡಾದ ಮನೆಗಳಲ್ಲಿ 120 ಬ್ಯಾಗ್ ಇಡಲು ಜಾಗವೂ ಇಲ್ಲ. ಕುಂಚಾವರಂನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಒಂದು ಖೋಲಿಯನ್ನು ಇದಕ್ಕೆಂದೇ ಬಿಡಿ.

ಪೊರೆ ಹೇಗಿದೆ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ದ್ರಾವಣವನ್ನು ನಾಲ್ಕು ತಾಸು ಹೊಟ್ಟೆಯಲ್ಲಿಟ್ಟು, ಅದರಲ್ಲೂ ರಕ್ತದಲ್ಲೂ ಕ್ರಿಯಾಟಿನಿನ್ ಮತ್ತು ಗ್ಲುಕೋಸ್ ಅಳೆದು ಹೋಲಿಸುವ ‘ಪೆಟ್’ ಪರೀಕ್ಷೆಯನ್ನು 1987ರಿಂದಲೂ ವೈದ್ಯರು ಬಲ್ಲರು. ಚಿಕಿತ್ಸೆ ಆರಂಭಿಸಿದ ಕೆಲವು ವಾರಗಳ ಬಳಿಕ ಒಮ್ಮೆ, ಮುಂದೆ ವರ್ಷಕ್ಕೊಮ್ಮೆಯಾದರೂ ಚಿಂಚೋಳಿಯಲ್ಲೇ ಇದು ನಡೆಯಬೇಕು. ವರದಿಯನ್ನು ಕಿಡ್ನಿ ತಜ್ಞರು ನೋಡಿ ಬ್ಯಾಗಿನ ಪ್ರಮಾಣ ತೀರ್ಮಾನಿಸಬೇಕು.

ತೀವ್ರವಾದ ಇಲ್ಲವೇ ಮತ್ತೆಮತ್ತೆ ಬರುವ ಸೋಂಕೂ ಪೊರೆಯನ್ನು ಕೆಡಿಸುತ್ತದೆ. ಹೊರಬಂದ ನೀರು ಮಬ್ಬಾಗಿದ್ದರೆ ಅದೇ ದಿನ ಪರೀಕ್ಷೆ, ಅದೇ ದಿನ ಹೊಟ್ಟೆಯೊಳಗೇ ಬಿಡುವ ಆಂಟಿಬಯಾಟಿಕ್ ಸಿಗುವಂತೆ ಔಷಧವನ್ನು ಕುಂಚಾವರಂನಲ್ಲೇ ಇಡಿ. ಬ್ಯಾಗ್ ಬದಲಿಸುವ ತರಬೇತಿ ಕನ್ನಡದ ಜೊತೆಗೆ ಲಂಬಾಣಿ, ತೆಲುಗಿನಲ್ಲೂ ಇರಲಿ. ಬ್ಯಾಗನ್ನು ಬಿಸಿಲಲ್ಲಿಟ್ಟೋ ಕುದಿನೀರಲ್ಲಿ ಮುಳುಗಿಸಿಯೋ ಬೆಚ್ಚಗಾಗಿಸಬಾರದು ಎಂಬುದನ್ನು ಚಿತ್ರ ತೋರಿಸಿ ಕಲಿಸಬೇಕು.

ತೊಗರಿ ರಾಶಿ ಮುಗಿದ ಮೇಲೆ ನಮ್ಮ ಅನೇಕ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ಮನೆಯವರು ಹೊರಟರೆ ರೋಗಿಯೂ ಹೊರಡಬೇಕಾಗುತ್ತದೆ. ಅಲ್ಲಿಗೂ ಅದೇ ಬಗೆಯ ಬ್ಯಾಗ್ ತಲುಪುವ ಏರ್ಪಾಡನ್ನು ಸರಬರಾಜು ಒಪ್ಪಂದದಲ್ಲೇ ಬರೆಯಿಸಬೇಕು.

ಖರ್ಚಿನ ಪ್ರಶ್ನೆ ಬರುತ್ತದೆ. ಎರಡು ಕೋಣೆಯ ಬ್ಯಾಗ್ ದುಬಾರಿ ಎಂಬುದನ್ನು ಬಲ್ಲೆವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಚಿಂಚೋಳಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. 371(ಜೆ) ವಿಧಿಯಡಿ ಮಂಡಳಿ ಹುಟ್ಟಿದ್ದು ಈ ಅಂತರ ತುಂಬಲು. ಕಟ್ಟಡ, ರಸ್ತೆಗಳಷ್ಟೇ ಅಲ್ಲ, ರೋಗಿಯ ಹೊಟ್ಟೆಯೊಳಗೆ ದಿನವೂ ಹೋಗುವ ಎಂಟು ಲೀಟರ್ ದ್ರಾವಣದ ಗುಣವೂ ಮಂಡಳಿಯ ನಿಧಿಯ ಬಾಬ್ತು ಎಂದು ನಾವು ದೃಢವಾಗಿ ನಂಬಿದ್ದೇವೆ.

ಮುಂದಿನ ಕ್ರಿಯಾಯೋಜನೆಯಲ್ಲಿ ಇದಕ್ಕೆ ಪ್ರತ್ಯೇಕ ಅನುದಾನ ಇಟ್ಟು, ದಾಸ್ತಾನು ಕೊಠಡಿಗಳನ್ನು ಮಾರ್ಚ್‌ಗೆ ಮುನ್ನ ಸಿದ್ಧಪಡಿಸಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕಲಬುರಗಿ, ತಾಲ್ಲೂಕು ಆರೋಗ್ಯಾಧಿಕಾರಿಗಳು, ಚಿಂಚೋಳಿ.