ಚಂದ್ರನ ಪಾಠ ಬಯಲಲ್ಲಿ ನಡೆಯಲಿ

ಚಂದ್ರ ಬೆಳೆಯುವ, ಕರಗುವ ಚಿತ್ರ ಬಿಡಿಸಿ ಎಂದರೆ ನಮ್ಮ ಹೈಸ್ಕೂಲು ಮಕ್ಕಳು ತಪ್ಪಿಲ್ಲದೆ ಬಿಡಿಸುತ್ತಾರೆ. ಆ ಕಪ್ಪು ಭಾಗ ಯಾಕಾಯಿತು ಎಂದು ಕೇಳಿ ನೋಡಿ. "ಭೂಮಿ ನೆರಳ ಬೀಳತೈತ್ರಿ ಸರ್" ಅನ್ನುತ್ತಾರೆ. ನವಲಗುಂದ ತಾಲ್ಲೂಕಿನ ಹಳ್ಳಿಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಈ ಉತ್ತರವನ್ನು ಪ್ರತಿ ವರ್ಷ ಕೇಳುತ್ತೇನೆ. ಪಿಯುಸಿ ಮುಗಿಸಿದವರ ಬಾಯಲ್ಲೂ ಕೇಳಿದ್ದೇನೆ. ಆಕಾಶದ ಪಾಠವನ್ನು ನಾಲ್ಕು ಗೋಡೆಗಳ ನಡುವೆ ಮುಗಿಸಿದರೆ ಇನ್ನೇನಾದೀತು?

ಇದನ್ನು ತಿದ್ದಲು ದೂರದರ್ಶಕ ಬೇಡ, ರಾತ್ರಿಯೂ ಬೇಡ. ಹುಣ್ಣಿಮೆ ಕಳೆದು ಎಂಟನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸುತ್ತೇನೆ. ಮೋಡವಿಲ್ಲದಿದ್ದರೆ ನೀಲಿ ಆಕಾಶದಲ್ಲಿ ಅರ್ಧಚಂದ್ರ, ಬೆನ್ನ ಹಿಂದೆ ಸೂರ್ಯ. ಒಂದು ಬಿಳಿ ಚೆಂಡನ್ನು ಬಿಸಿಲಿನಲ್ಲೇ ಚಂದ್ರನ ಕಡೆಗೆ ಎತ್ತಿ ಹಿಡಿದರೆ ಚೆಂಡಿನ ಮೇಲೂ ಅಷ್ಟೇ ಬೆಳಕು, ಅಷ್ಟೇ ಕತ್ತಲು. ಬಾಗಿದ ಓರೆಯೂ ಅದೇ. "ಸರ್, ಚೆಂಡಿನ ಮ್ಯಾಲೆ ಭೂಮಿ ನೆರಳು ಎಲ್ಲೈತ್ರಿ?" ಎಂದು ಒಬ್ಬ ಹುಡುಗಿ ತಾನಾಗಿಯೇ ಕೇಳಿದಳು. ಅಲ್ಲಿಗೆ ನನ್ನ ಪಾಠ ಮುಗಿದಂತೆಯೇ. ಸೂರ್ಯ ಇರುವ ದಿಕ್ಕಿಗೆ ಎದುರಾಗಿ ಭೂಮಿಯ ನೆರಳು ಚಾಚಿರುತ್ತದೆ. ಸೂರ್ಯ, ಚಂದ್ರ ಇಬ್ಬರೂ ಆಕಾಶದಲ್ಲಿರುವಾಗ ಆ ನೆರಳು ನೆಲದ ಕೆಳಗಿನ ಆಚೆ ದಿಕ್ಕಿಗಿರುತ್ತದೆ, ಚಂದ್ರನ ಹತ್ತಿರವೂ ಸುಳಿಯದು. ಸೂರ್ಯನ ಕಡೆಗಿರುವ ಚಂದ್ರನ ಅರ್ಧ ಬೆಳಗುತ್ತದೆ. ಅದರಲ್ಲಿ ನಮ್ಮ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬುದಷ್ಟೇ ದಿನದಿನಕ್ಕೆ ಬದಲಾಗುತ್ತದೆ.

ನೆರಳು ನಿಜವಾಗಿ ಬೀಳುವುದು ಚಂದ್ರಗ್ರಹಣದಲ್ಲಿ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಎಲ್ಲ ಹುಣ್ಣಿಮೆಗೂ ಗ್ರಹಣವಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ ಸುಮಾರು 82 ನಿಮಿಷ ಪೂರ್ತಿ ನೆರಳಿನಲ್ಲಿ ಮುಳುಗಿದ್ದ. ಬರಿಗಣ್ಣಿನಿಂದ ನೋಡಿದರೆ ಯಾವ ಅಪಾಯವೂ ಇಲ್ಲದ ಇಂಥ ಹೊತ್ತಿನಲ್ಲಿ ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದು ನನಗೆ ತುಂಬ ನೋವಿನ ಸಂಗತಿ.

ನಮ್ಮ ಭಾಗದ ಮಕ್ಕಳಿಗೆ ಚಂದ್ರ ಹೊಸಬನಲ್ಲ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರಲ್ಲ, ಆ ಮಧ್ಯಾಹ್ನ ಚಂದ್ರ ಆಕಾಶದಲ್ಲೇ, ಸೂರ್ಯನ ಆಸುಪಾಸಿನಲ್ಲೇ ಇರುತ್ತಾನೆ. ಬೆಳಕು ಬಿದ್ದ ಮುಖ ಆಚೆಗಿರುವುದರಿಂದ ಕಾಣುವುದಿಲ್ಲ. ಶೀಗಿ ಹುಣ್ಣಿಮೆಯ ದಿನ ಎರೆ ಹೊಲದಲ್ಲಿ ಸಂಜೆತನಕ ಉಳಿದರೆ ಸೂರ್ಯ ಇಳಿಯುವ ಹೊತ್ತಿಗೇ ಎದುರು ದಿಕ್ಕಿನಲ್ಲಿ ಚಂದ್ರ ಏಳುತ್ತಾನೆ. ಸಂಕಷ್ಟಿ ಮಾಡುವ ಅವ್ವನಿಗೆ ಚಂದ್ರೋದಯದ ಹೊತ್ತು ಗೊತ್ತು. ಮರುದಿನ ಅದು ಸರಾಸರಿ 50 ನಿಮಿಷ ತಡವಾಗುತ್ತದೆ, ಏಕೆಂದರೆ ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಮುಂದೆ ಹೋಗಿರುತ್ತಾನೆ. ಅವನು ಭೂಮಿಯನ್ನು ಸುತ್ತಲು 27.3 ದಿನ ಸಾಕು. ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಸರಿದಿರುವುದರಿಂದ ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ ಬೇಕು.

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದದ್ದನ್ನು ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದೆವು. ಅದೇ ಹೊತ್ತಿನಲ್ಲಿ ಅರ್ಧದಷ್ಟು ಬೆಳಗಿದ ಚಂದ್ರ ನಮ್ಮ ನೆತ್ತಿಯಿಂದ ದಕ್ಷಿಣಕ್ಕೆ ಇದ್ದ. ಆ ದಿನವನ್ನು ಇಸ್ರೊ ಆರಿಸಿದ್ದು ಇಳಿಯುವ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತೆಂದು. ಅಲ್ಲಿನ ಒಂದು ಹಗಲು ನಮ್ಮ ಸುಮಾರು 14 ದಿನ. ವಿಕ್ರಮ್, ಅದರ ರೋವರ್ ಪ್ರಜ್ಞಾನ್ ನಡೆದದ್ದು ಬಿಸಿಲಿನ ವಿದ್ಯುತ್ತಿನಿಂದ. ಹಗಲು ಅಷ್ಟು ಉದ್ದವಾಗಲು ಕಾರಣ, ಚಂದ್ರ ಭೂಮಿಯನ್ನು ಒಮ್ಮೆ ಸುತ್ತುವಷ್ಟರಲ್ಲಿ ತನ್ನ ಸುತ್ತ ಒಮ್ಮೆ ಮಾತ್ರ ತಿರುಗುತ್ತಾನೆ. ನಮಗೆ ಯಾವಾಗಲೂ ಅವನ ಒಂದೇ ಮುಖ ಕಾಣುವುದೂ ಅದಕ್ಕೇ.

ಶಿಕ್ಷಣ ಇಲಾಖೆಗೆ ನನ್ನ ಬೇಡಿಕೆ ಇಷ್ಟು: ಒಂದು ತಿಂಗಳ ಚಂದ್ರನ ವಹಿಯನ್ನು ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಯಾಗಿ ಕಡ್ಡಾಯ ಮಾಡಿ. ಕಂಡ ಹೊತ್ತು, ದಿಕ್ಕು, ಆಕಾರ ಬರೆದರೆ ಸಾಕು, ಮೋಡವಿದ್ದ ದಿನ "ಮೋಡ" ಎಂದೇ ಬರೆಯಲಿ. ಮಳೆಗಾಲ ಬಿಟ್ಟು ದೀಪಾವಳಿ ಅಮಾವಾಸ್ಯೆಯಿಂದ ಶುರು ಮಾಡಿದರೆ ನಮ್ಮ ಕಡೆ ಅನುಕೂಲ. ಶಿಕ್ಷಕ ಮಿತ್ರರೇ, ಆದೇಶಕ್ಕೆ ಕಾಯಬೇಡಿ. ಈ ವರ್ಷವೇ ನಿಮ್ಮ ಮಕ್ಕಳಿಗೆ ಆ ವಹಿ ಹಾಕಿಸಿ.