ಕೆರೆಯಂಚಿನ ಅಳತೆಯೂ ಮಲೆನಾಡಿನ ಕಿರುಗೆರೆಗಳೂ

ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲವು ತಿದ್ದುಪಡಿ ಮಸೂದೆಯೊಂದನ್ನು ಅಂಗೀಕರಿಸಿತು. ಕೆರೆಯ ಅಂಚಿನಿಂದ 30 ಮೀಟರ್‌ವರೆಗೆ ಕಟ್ಟಡ ಕೂಡದೆಂಬ ಏಕರೂಪದ ನಿಯಮವನ್ನು ಮಸೂದೆಯು ಕೆರೆಯ ವಿಸ್ತೀರ್ಣಕ್ಕೆ ಗಂಟುಹಾಕಿತು. ನೂರು ಎಕರೆ ಮೀರಿದ ಕೆರೆಗೆ ಹಿಂದಿನ 30 ಮೀಟರ್ ಉಳಿಯುತ್ತದೆ. 1ರಿಂದ 10 ಎಕರೆಯದಕ್ಕೆ 6 ಮೀಟರ್, ಎಕರೆಯೊಳಗಿನದಕ್ಕೆ 3 ಮೀಟರ್, 5 ಗುಂಟೆಯೊಳಗಿನದಕ್ಕೆ ಏನೂ ಇಲ್ಲ. ಚರ್ಚೆಯೆಲ್ಲ ಬೆಂಗಳೂರಿನ ನಿವೇಶನಗಳ ಸುತ್ತಲೇ ಸುಳಿದಾಡಿತು.

ಬಯಲುಸೀಮೆಯ ಕಣ್ಣಿಗೆ ಈ ಲೆಕ್ಕ ನ್ಯಾಯವೆಂದೇ ತೋರೀತು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೂ ಊರ ಮುಂದಿನ ಕಟ್ಟೆಗೂ ಒಂದೇ ಅಳತೆ ಏಕೆ? ಆದರೆ ಮೂಡಿಗೆರೆ, ಕಳಸದ ಕಣಿವೆಗಳಲ್ಲಿ ಊರಕೆರೆಗಳು ಬಹುಪಾಲು ಚಿಕ್ಕವು. ಒರತೆ ಒಸರುವ ತಗ್ಗಿನಲ್ಲಿ ನಿಂತು, ಕೋಡಿ ಹರಿದು, ಹಳ್ಳವಾಗಿ ಹೇಮಾವತಿಯನ್ನೋ ಭದ್ರೆಯನ್ನೋ ಸೇರುವಂಥವು. ಗೊರೂರಿನ ಅಣೆಕಟ್ಟೆಯನ್ನು ತುಂಬುವ ಹೇಮಾವತಿಯೇ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವಾಗ ಅಳತೆಗೆ ಸಿಗುವಷ್ಟು ದೊಡ್ಡವಳಲ್ಲ. ಮೇಲಾಗಿ ಇಳಿಜಾರಿನಲ್ಲಿ ಮಳೆನೀರು ಮಣ್ಣನ್ನೂ ಹೊತ್ತು ಧಾವಿಸುತ್ತದೆ. ಅದನ್ನು ತಡೆಯುವ ಮರ, ಹುಲ್ಲಿನ ಅಂಚು ಇಲ್ಲಿ ಇನ್ನೂ ಅಗಲವಾಗಿರಬೇಕು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನ ವಿಸ್ತಾರವನ್ನಷ್ಟೇ ನೋಡಿ ನೆಲದ ಓಟವನ್ನು ಮರೆತ ಅಳತೆಗೋಲು ಮಲೆನಾಡಿಗೆ ಒಗ್ಗದು.

ಎಲ್ಲವನ್ನೂ ವಿಧಾನಸೌಧಕ್ಕೇ ಬಿಡಬೇಕಾಗಿಯೂ ಇಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಂತೆ ಹಳ್ಳಿಯಲ್ಲಿ ಕಟ್ಟಡಕ್ಕೆ ಅನುಮತಿ ನೀಡುವುದು ಗ್ರಾಮ ಪಂಚಾಯಿತಿಯೇ. ಹೋಂಸ್ಟೇ, ರೆಸಾರ್ಟ್‌ಗಳ ಅರ್ಜಿ ಬಂದಾಗ ಹಳ್ಳ, ಕೆರೆ, ಖರಾಬುಗಳನ್ನು ಗುರುತಿಸಿದ ಸರ್ವೆ ನಕಾಶೆಯನ್ನು ಕೇಳಿ, ದಡದಿಂದ ಎಷ್ಟು ದೂರವೆಂದು ನೋಡಿದ ಮೇಲೆಯೇ ಒಪ್ಪಿಗೆ ಕೊಡುವ ಪದ್ಧತಿಯನ್ನು ಪಂಚಾಯಿತಿಗಳು ರೂಢಿಸಿಕೊಳ್ಳಬಹುದು. 1966ರ ಭೂಕಂದಾಯ ನಿಯಮಗಳಂತೆ, ಹಿಡುವಳಿದಾರರಲ್ಲದವರೂ ಬಳಸುವ ಕೆರೆ, ಹಳ್ಳಗಳು ತೋಟದ ನಡುವೆ ಇದ್ದರೂ ಬಿ-ಖರಾಬು, ಅಂದರೆ ಸಾರ್ವಜನಿಕರದು.

ಶ್ರೀಮಠದ ಸದ್ಭಕ್ತರಲ್ಲಿ ಕಾಫಿ ಬೆಳೆಗಾರರು ಬಹುಮಂದಿ. ಈ ಮಾತು ಕೆಲವರಿಗೆ ಕಹಿಯಾದೀತು. ಕಾಫಿಯ ಧಾರಣೆ ಬಿದ್ದ ವರ್ಷಗಳಲ್ಲಿ ಹೋಂಸ್ಟೇಯೇ ಎಷ್ಟೋ ಮನೆಗಳನ್ನು ನಡೆಸಿತೆಂಬುದೂ ಸುಳ್ಳಲ್ಲ. ಆದರೂ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮರನ್ನು ನೆನೆಯುವವರು ಹಳ್ಳದ ದಡದ ಮರ ಕಡಿಯದಿರುವುದನ್ನೂ, ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದಿರುವುದನ್ನೂ ಯಾವ ಕಾಯ್ದೆಗೂ ಕಾಯದೆ ತಮ್ಮ ತೋಟದಲ್ಲೇ ಆರಂಭಿಸಬಹುದು. ಮುಂದಿನ ಗ್ರಾಮಸಭೆಗೆ ಹೋಗುವ ಮುನ್ನ ತಮ್ಮ ಸರ್ವೆ ನಂಬರಿನ ನಕಾಶೆಯಲ್ಲಿ ಹಳ್ಳದ ಗೆರೆ ಎಲ್ಲಿದೆಯೆಂದು ನೋಡಿಟ್ಟುಕೊಂಡರೆ ಮಾತಾಡಲು ಆಧಾರವಿರುತ್ತದೆ.