ಹೊಗೆ ಯಾರದು, ಎದೆ ಯಾರದು?



ಗಾಳಿಗೆ ಜಾತಿಯಿಲ್ಲ, ಅದು ಎಲ್ಲರಿಗೂ ಒಂದೇ ಅಂತಾರೆ. ಹೌದಾ? 2019ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಲೆಕ್ಕ ಹೊರಗಿಟ್ಟರು. ಯಾರು ಬಳಸುವ ಸರಕಿಗಾಗಿ ಎಷ್ಟು ಸಣ್ಣ ದೂಳು ಹುಟ್ಟುತ್ತದೆ, ಅದನ್ನು ಯಾರು ಉಸಿರಾಡುತ್ತಾರೆ ಅನ್ನುವ ಲೆಕ್ಕ. ಅಲ್ಲಿನ ಕಪ್ಪು ಜನ ತಮ್ಮ ಬಳಕೆಯಿಂದ ಹುಟ್ಟುವುದಕ್ಕಿಂತ ನೂರಕ್ಕೆ 56ರಷ್ಟು ಹೆಚ್ಚು ದೂಳು ಕುಡಿಯುತ್ತಿದ್ದರು. ಬಿಳಿಯರು ನೂರಕ್ಕೆ 17ರಷ್ಟು ಕಡಿಮೆ.

ಇದು ಪೊರಕೆಗೆ ಸಿಗುವ ದೂಳಲ್ಲ. ಎರಡೂವರೆ ಮೈಕ್ರಾನಿಗಿಂತ ಸಣ್ಣದು, ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತರ ಒಂದು ಪಾಲು. ಶ್ವಾಸಕೋಶದ ತುದಿ ಮುಟ್ಟುತ್ತದೆ, ತೀರ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ದಮ್ಮು ಮಾತ್ರವಲ್ಲ, ಹೃದಯದ ಬೇನೆ, ಲಕ್ವ ಕೂಡ ಇದರಿಂದ ಬರುತ್ತವೆ.

ಎಲ್ಲಿಂದ ಬರುತ್ತದೆ ಇದು? ಸಹಾರಾ ಮರುಭೂಮಿ ತಾನೇ ಎಬ್ಬಿಸುವುದೂ ಉಂಟು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆ ಕೆಲವೇ ದಿನದಲ್ಲಿ ಸಾವಿರಾರು ಜನರನ್ನು ಕೊಂದಿತು. 2015ರಲ್ಲಿ ಇಂಡೋನೇಷ್ಯಾದಲ್ಲಿ ತೋಟಗಳಿಗಾಗಿ ನೀರು ಬಸಿದು ಒಣಗಿಸಿದ ಜೌಗು ನೆಲ ತಿಂಗಳುಗಟ್ಟಲೆ ಉರಿದು, ಹೊಗೆ ಸಿಂಗಪುರ, ಮಲೇಷ್ಯಾವನ್ನೂ ಮುಚ್ಚಿತು. ಡೀಸೆಲ್ ಲಾರಿ, ಇಟ್ಟಿಗೆಗೂಡು ಹೇಳಬೇಕಾದ್ದೇ ಇಲ್ಲ.

ಒಲೆಯ ಮಾತು ಬೇರೆ. ಜಗತ್ತಿನಲ್ಲಿ ಇನ್ನೂ 200 ಕೋಟಿಗೂ ಹೆಚ್ಚು ಜನ ಸೌದೆ, ಬೆರಣಿ, ಕಲ್ಲಿದ್ದಲು, ಸೀಮೆಎಣ್ಣೆ ಉರಿಸಿ ಬೇಯಿಸುತ್ತಾರೆ. 2020ರಲ್ಲಿ ಮನೆಯೊಳಗಿನ ಹೊಗೆಗೆ ಸತ್ತವರು 32 ಲಕ್ಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಹೊರಗಾಳಿಯ ಸಣ್ಣ ದೂಳಿಗೂ ಮನೆಯೊಲೆಯೇ ದೊಡ್ಡ ಮೂಲ ಅಂತ ಅಧ್ಯಯನಗಳು ಹೇಳಿವೆ. ನಿಜವನ್ನು ಮುಚ್ಚಿಡುವುದು ಬೇಡ. ಆದರೆ ಆ ಹೊಗೆ ಮೊದಲು ಇಳಿಯುವುದು ಊದುವ ಅವ್ವನ ಎದೆಗೆ. 2016ರಿಂದ ಉಜ್ವಲ ಯೋಜನೆಯಲ್ಲಿ ಸಿಲಿಂಡರು ಬಂತು, ಸರಿ. ಖಾಲಿಯಾದಾಗ ತುಂಬಿಸೋಕೆ ಕೂಲಿ ಸಾಕಾಗಬೇಕಲ್ಲ?

ಇನ್ನು ಕಣ್ಣಿಗೆ ಕಾಣದ್ದು. ಕಲ್ಲಿದ್ದಲ ವಿದ್ಯುತ್ ಸ್ಥಾವರದ ಚಿಮಣಿಯಿಂದ ಗಂಧಕದ ಅನಿಲ ಹೊರಡುತ್ತದೆ. ಯೂರಿಯಾ, ಸಗಣಿಯಿಂದೇಳುವ ಅಮೋನಿಯದ ಜೊತೆ ಸೇರಿ ನೂರಾರು ಮೈಲಿ ಆಚೆ ಅದೇ ಸಣ್ಣ ದೂಳಾಗುತ್ತದೆ. ಇದನ್ನು ತಡೆಯಲು 2015ರಲ್ಲಿ ನಿಯಮ ಬಂತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರ ಹಾಕುವುದರಿಂದಲೇ ವಿನಾಯಿತಿ ಸಿಕ್ಕಿತು. ಬೆರಣಿ ಬಿಡಿ ಅಂತ ಹಟ್ಟಿಗೆ ಬಂದು ಬುದ್ಧಿ ಹೇಳುವವರು ಚಿಮಣಿಯ ಮುಂದೆ ನಿಂತು ಹೀಗೆ ಮಾತಾಡಿದ್ದನ್ನು ಯಾರಾದರೂ ಕೇಳಿದ್ದೀರಾ?

ಘನಮೀಟರ್ ಗಾಳಿಗೆ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2009ರಲ್ಲಿ ನಮ್ಮ ಸರ್ಕಾರ ಬರೆದುಕೊಂಡ ಮಿತಿ 40.

ಹಾಸ್ಟೆಲ್ಲಿನ ಗೆಳೆಯರಲ್ಲಿ ಒಂದು ಕೇಳಿಕೆ. ನಿಮ್ಮ ಅಡುಗೆಮನೆಯಲ್ಲಿ ಉರಿಯುವುದು ಸೌದೆಯೋ ಗ್ಯಾಸೋ, ಹೊಗೆ ಹೋಗಲು ದಾರಿ ಇದೆಯೋ, ಅಡುಗೆಯವರಿಗೆ ಕೆಮ್ಮಿದೆಯೋ, ಬರೆದುಕೊಂಡು ಮುಂದಿನ ಸಭೆಗೆ ತನ್ನಿ.